ಮರಳು ಇಳಿಯುವ ತೊಟ್ಟಿ

ಆ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಒಂದು ಹನಿ ಮಳೆಯಿಲ್ಲ. ಆದರೂ ಗಾರೆ ಮೇಸ್ತ್ರಿಯ ಬಚ್ಚಲಲ್ಲಿ ಕಪ್ಪು ನೀರು ಗುಳುಗುಳು ಎಂದು ಮೇಲೇರಿ ಹೊಸ್ತಿಲು ಮುಟ್ಟಿತ್ತು.

ಹಸುಗೂಸನ್ನು ಎದೆಗವಚಿಕೊಂಡು, ಬಾಣಂತನಕ್ಕೆ ಬಂದಿದ್ದ ಮಗಳು ಹಿಂದೆ ಸರಿದಳು. "ಅಪ್ಪಾ, ಈ ಗಲೀಜಲ್ಲಿ ಕೂಸನ್ನ ಇಟ್ಕೊಂಡು ಹೆಂಗಿರಲಿ? ಸಂಜೆಯೊಳಗೆ ಇಳೀಲಿಲ್ಲ ಅಂದ್ರೆ ನಮ್ಮನೆಗೆ ಹೊರಟುಬಿಡ್ತೀನಿ."

ಮೊಮ್ಮಗಳನ್ನು ನೋಡಿ ಮೇಸ್ತ್ರಿಗೆ ಇನ್ನೂ ಕಣ್ಣು ತಣಿದಿರಲಿಲ್ಲ. ಸಿಟ್ಟೆಲ್ಲ ಬಾಮೈದನ ಮೇಲೆ ತಿರುಗಿತು. ಬಾಮೈದನಿಗೆ ಊರಾಚೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ. ಸುದ್ದಿ ತಿಳಿದು ಬಂದವನಿಗೆ ಬಾಗಿಲಲ್ಲೇ ಮಂಗಳಾರತಿಯಾಯಿತು.

"ಅಷ್ಟು ದೊಡ್ಡ ಯಂತ್ರ ಇಟ್ಕೊಂಡು ಏನ್ ಮಾಡ್ತೀರಯ್ಯಾ? ನೊಣ ಹೊಡೀತೀರಾ?"

"ಹೊಡೀತೀವಿ ಭಾವ, ಬಿಡುವಿದ್ದಾಗ. ಬೀದಿ ಪೈಪಲ್ಲಿ ಮರಳು ಕೂತಿದೆ, ನಮ್ಮೋರು ತೆಗೀತಿದ್ದಾರೆ. ಅಲ್ಲೀವರೆಗೆ ನನ್ನ ಜೊತೆ ಬನ್ನಿ. ಮರಳು ಏನೇನು ಮಾಡುತ್ತೆ ತೋರಿಸ್ತೀನಿ."

"ಹುಟ್ಟಿದಾಗಿಂದ ಮರಳಲ್ಲೇ ಬಿದ್ದಿದೀನಿ. ನೀನು ನನಗೆ ಮರಳು ತೋರಿಸ್ತೀಯಾ?" ಗೊಣಗುತ್ತಲೇ ಮೇಸ್ತ್ರಿ ಹೆಗಲಿಗೆ ಟವೆಲ್ ಹಾಕಿಕೊಂಡ.

ಘಟಕದಲ್ಲಿ ಮೊದಲು ಕಬ್ಬಿಣದ ಸರಳುಗಳು ಚಿಂದಿ, ಪ್ಲಾಸ್ಟಿಕ್ ತಡೆಯುತ್ತಿದ್ದವು. ಅಲ್ಲಿಂದ ನೀರು ದುಂಡನೆಯ ಆಳದ ತೊಟ್ಟಿಗೆ ಬಂದು ಗೋಡೆ ಹಿಡಿದು ಮೆಲ್ಲಗೆ ಸುತ್ತುತ್ತಿತ್ತು. ಊರಿನ ಅಷ್ಟೂ ಬಚ್ಚಲುಗಳ ನೀರು, ಒಂದೇ ಪ್ರದಕ್ಷಿಣೆಯಲ್ಲಿ.

"ಓಡೋ ನೀರು ಮರಳನ್ನ ಎಳ್ಕೊಂಡು ಬರುತ್ತೆ. ಇಲ್ಲಿ ಅದರ ಓಟ ತಗ್ಗಿಸ್ತೀವಿ. ಭಾರದ ಮರಳು ತಳಕ್ಕೆ ಜಾರುತ್ತೆ. ಹಗುರದ ಕೊಳೆ ನೀರಿನ ಜೊತೆ ಮುಂದಿನ ತೊಟ್ಟಿಗೆ ಹೋಗುತ್ತೆ."

"ಇನ್ನೂ ನಿಧಾನ ಮಾಡಿದ್ರೆ ಚೆನ್ನಾಗಿ ಇಳಿಯಲ್ವಾ?"

"ಆಗ ಕೊಳೆಯೂ ಇಳಿದು ನಾರುತ್ತೆ. ಜೋರಾದ್ರೆ ಮರಳು ತಪ್ಪಿಸ್ಕೊಂಡು ಪಂಪಿಗೆ ಹೋಗುತ್ತೆ." ಬಾಮೈದ ಮೂಲೆಯಲ್ಲಿದ್ದ ಹಳೆಯ ಪಂಪಿನ ಚಕ್ರ ತೋರಿಸಿದ. ಅದರ ಅಲಗುಗಳು ಸವೆದ ಚಪ್ಪಲಿಯ ಅಂಚಿನಂತೆ ತೆಳುವಾಗಿದ್ದವು. "ಕಬ್ಬಿಣ ಭಾವ, ಇದು. ಮರಳು ತಿಂದು ಹಾಕಿದ್ದು."

ತಿರುಪಿನಂಥ ಉದ್ದದ ಯಂತ್ರವೊಂದು ತಳದ ಮರಳನ್ನು ಮೇಲೆತ್ತಿ ಗಾಡಿಗೆ ಸುರಿಯುತ್ತಿತ್ತು. ತೊಟ್ಟಿಯೊಳಗೆ ಜರಡಿಯಿಲ್ಲ, ಜರಡಿ ಹಿಡಿಯುವ ಕೈಯಿಲ್ಲ. ನೀರು ತನ್ನ ನಡಿಗೆ ತಗ್ಗಿಸಿತ್ತು, ಅಷ್ಟೆ; ಒಂದೊಂದು ಕಣವೂ ತನ್ನ ಭಾರ ತಾನೇ ಅರಿತಂತೆ ಕೆಳಗಿಳಿಯುತ್ತಿತ್ತು. ದೇವರ ಮುಂದೆ ನಿಂತವನಂತೆ ಮೇಸ್ತ್ರಿಯ ಕೈಗಳು ತಾವಾಗಿ ಜೋಡಿಕೊಂಡವು.

"ಭಗವಂತ ಎಂಥಾ ಕಡೆ ಎಂಥಾ ಅಚ್ಚುಕಟ್ಟು ಇಟ್ಟಿದಾನೆ ನೋಡು," ಎನ್ನುತ್ತ ಗಾಡಿಯತ್ತ ಕೈ ಚಾಚಿದ.

"ಮುಟ್ಟಬೇಡಿ ಭಾವ. ರೋಗದ ಮನೆ ಅದು. ನಿಮ್ಮ ಗೋಡೆ ಕೆಲಸಕ್ಕೂ ಬರಲ್ಲ."

ಮೇಸ್ತ್ರಿ ಬಗ್ಗಿ ನೋಡಿದ. ಮರಳಿನ ನಡುವೆ ಸಿಮೆಂಟಿನ ಹಕ್ಕಳೆ, ಇಟ್ಟಿಗೆಯ ಚೂರು. ದಿನಾ ಸಂಜೆ ತಾನು ಗಾರೆಯ ಬಾಣಲಿ, ಕರಣೆ ತೊಳೆಯುತ್ತಿದ್ದದ್ದು ಬೀದಿ ಚರಂಡಿಯ ಬಾಯಿಯಲ್ಲೇ.

"ಒಂದು ಬೊಗಸೆ ತಾನೆ ಅಂದ್ಕೊಂಡಿದ್ದೆ ಕಣಯ್ಯಾ."

"ಎಲ್ಲಾರೂ ಹಂಗೇ ಅಂದ್ಕೊಳ್ತಾರೆ. ಇಲ್ಲಿಗೆ ಬರೋ ಮುಂಚೆ ಪೈಪಲ್ಲೇ ನೀರು ಸುಸ್ತಾದ್ರೆ ಮರಳು ಅಲ್ಲೇ ಮಲಗುತ್ತೆ. ಆಮೇಲೆ ನೀರು ಹಿಂದಕ್ಕೆ, ನಿಮ್ಮ ಬಚ್ಚಲಿಗೆ."

ಮಧ್ಯಾಹ್ನದ ಹೊತ್ತಿಗೆ ಪೈಪಿನ ಮರಳು ತೆರವಾಯಿತು, ನೀರು ಇಳಿಯಿತು. ಮೇಸ್ತ್ರಿಯ ಹೆಂಡತಿ ಔಷಧಿ ಹಾಕಿ ಬಚ್ಚಲು ತಿಕ್ಕಿದಳು. ಮಗಳು ಕಟ್ಟಿದ್ದ ಚೀಲ ಬಿಚ್ಚಿದಳು. ಮೇಸ್ತ್ರಿ ಅಂಗಳದಲ್ಲಿ ಹಳೆಯ ಡ್ರಮ್ಮೊಂದನ್ನು ನಿಲ್ಲಿಸಿದ.

"ಇನ್ಮೇಲೆ ಬಾಣಲಿ ತೊಳೆಯೋದು ಇದರಲ್ಲೇ. ಮರಳು ಕೆಳಗೆ ಕೂರಲಿ. ತಿಳಿನೀರು ನಾಳೆ ಗಾರೆ ಕಲಸೋಕಾಯ್ತು."

"ಮನೇಲೇ ಘಟಕ ಹಾಕಿದ್ರಿ ಅನ್ನಿ," ಹೆಂಡತಿ ನಕ್ಕಳು. "ಹೆಂಡತಿ ಮಾತು ಕೇಳದೋರು ಅವಳ ತಮ್ಮನ ಮಾತಾದ್ರೂ ಕೇಳಿದ್ರಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಪಾತ್ರೆ ಉಜ್ಜಿದ ಬೂದಿಯಾಗಲಿ, ಅಂಗಳ ಗುಡಿಸಿದ ಮಣ್ಣಾಗಲಿ, ಕಟ್ಟಡದ ಮರಳಾಗಲಿ ಚರಂಡಿಗೆ ತಳ್ಳಬೇಡಿ. ಊರ ಕೊನೆಯಲ್ಲಿ ಆ ತೊಟ್ಟಿ ಹಗಲಿರುಳು ತನ್ನ ಕೆಲಸ ಮಾಡುತ್ತಿದೆ. ಅಲ್ಲಿಯವರೆಗಿನ ದಾರಿಯನ್ನು ತೆರೆದಿಡುವುದು ನಮ್ಮ ಪಾಲಿನದು.

ಸಂಜೆ ಬಾಮೈದ ಹೊರಟು ನಿಂತಾಗ ಮೇಸ್ತ್ರಿ ಹಿತ್ತಿಲಿನಿಂದ ಭಾರದ ಕಬ್ಬಿಣದ ಜಾಲರಿಯೊಂದನ್ನು ಎತ್ತಿ ತಂದ. ಬೀದಿ ಚರಂಡಿಯ ಬಾಯಿಗಿದ್ದ ಜಾಲರಿ. ಜಲ್ಲಿ ಸೋಸಲೆಂದು ಎಂದೋ ಅವನೇ ಕಿತ್ತು ತಂದಿದ್ದ. ಮತ್ತೆ ಅಲ್ಲೇ ಕೂರಿಸಲೆಂದು ಅದನ್ನು ಬಾಮೈದನ ಕೈಗಿಟ್ಟ.