ತಮ್ಮ ಹೊರಗೆ ಬರಲಾರದ ದಿನ

ಬೀದಿಯವರೆಲ್ಲ ಅವಳನ್ನು ದಾರದಕ್ಕ ಎನ್ನುತ್ತಿದ್ದರು. ಕಸೂತಿ ಯಂತ್ರದ ಪುಟ್ಟ ಅಂಗಡಿ ಅವಳದು. ಯಂತ್ರಕ್ಕೆ ಬುದ್ಧಿ ಹೇಳಲು ಪಕ್ಕದಲ್ಲೊಂದು ಕಂಪ್ಯೂಟರ್. ಆ ಕಂಪ್ಯೂಟರಿಗೆ ಬುದ್ಧಿ ಹೇಳಲು ಅವಳ ತಮ್ಮ. ಅವನು ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಕೊಡುವ ಗುಮಾಸ್ತ. ಅಂಗಡಿಯ ಕಂಪ್ಯೂಟರ್ ಹಟ ಹಿಡಿದಾಗಲೆಲ್ಲ, ಅಲ್ಲಿನ ಕಂಪ್ಯೂಟರಿನ ಮುಂದೆ ಕೂತೇ, ನೆಟ್ ಮೂಲಕ ಇದರೊಳಗೆ ಬಂದು ಸರಿ ಮಾಡಿ ಹೋಗುತ್ತಿದ್ದ.

ಆ ದಿನ ಯಂತ್ರದ ಚೌಕಟ್ಟಿನಲ್ಲಿ ಇದ್ದದ್ದು ಆಸ್ಪತ್ರೆಯ ದೊಡ್ಡ ನರ್ಸಮ್ಮನಿಗೆ ಕೊಡುವ ಹೊದಿಕೆ. ತಮ್ಮ ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ಆಕೆಯದು. ಸಂಜೆ ಆಕೆಗೆ ಬೀಳ್ಕೊಡುಗೆ. ಕಸೂತಿಯ ಬಳ್ಳಿ ಅರ್ಧ ಮೂಡಿತ್ತು, ಪರದೆಯ ಮೇಲೆ ಅವಳಿಗೆ ಅರ್ಥವಾಗದ ಏನೋ ಪ್ರಶ್ನೆ ಎದ್ದು ಯಂತ್ರ ನಿಂತೇಬಿಟ್ಟಿತು. ಬಟ್ಟೆ ಬಿಚ್ಚಿದರೆ ಸೂಜಿ ಮತ್ತೆ ಅದೇ ಜಾಗಕ್ಕೆ ಕೂರದು, ಹೊದಿಕೆ ಕೆಟ್ಟಂತೆಯೇ. ದಾರದಕ್ಕ ಫೋನ್ ಹಿಡಿದಳು.

"ಒಳಗೆ ಬಾರೋ ತಮ್ಮಾ, ಇದು ಮುನಿಸ್ಕೊಂಡಿದೆ."

"ಬರೋಕಾಗ್ತಿಲ್ಲಕ್ಕ. ಇಲ್ಲಿ ಫೈರ್‌ವಾಲ್ ಹಾಕ್ಬಿಟ್ಟಿದ್ದಾರೆ, ನಮ್ಮನ್ನ ಹೊರಗೇ ಬಿಡ್ತಿಲ್ಲ..."

ಗಿರ್ರೆಂದು ಸದ್ದಾಗಿ ಮಾತು ಕಡಿಯಿತು. ಅವಳ ಕಿವಿಗೆ ಬಿದ್ದದ್ದು ಎರಡೇ: ಫೈರು, ಹೊರಗೆ ಬಿಡ್ತಿಲ್ಲ. ಆಸ್ಪತ್ರೆಗೆ ಬೆಂಕಿ ಬಿದ್ದಿದೆ! ಫೋನು ಅಲ್ಲೇ ಬಿಸಾಡಿ, ನೀರು ತುಂಬಿದ ಬಕೆಟ್ ಎತ್ತಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಆಸ್ಪತ್ರೆಯ ಬಾಗಿಲಲ್ಲಿ ತಮ್ಮ ಬೆಣ್ಣೆಯಂತೆ ತಣ್ಣಗೆ ಕೂತಿದ್ದ. ಪಕ್ಕದಲ್ಲಿ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೇಡಂ.

"ಬೆಂಕಿ ಎಲ್ಲೋ?"

"ಯಾವ ಬೆಂಕಿ? ಎಷ್ಟು ಸಲ ಫೋನ್ ಮಾಡೋದು ನಿಂಗೆ!"

"ನೀನೇ ಅಂದ್ಯಲ್ಲೋ, ಫೈರು, ಹೊರಗೆ ಬಿಡ್ತಿಲ್ಲ ಅಂತ!"

ಮೇಡಂ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. "ಅಕ್ಕಾ, ಅದು ಬೆಂಕಿ ಅಲ್ಲ, ಬೇಲಿ. ಇಲ್ಲಿನ ಕಂಪ್ಯೂಟರ್‌ಗಳು ಸಿಕ್ಕಸಿಕ್ಕಲ್ಲಿಗೆ ಹೋಗ್ಬಾರ್ದು ಅಂತ ಹಾಕಿರೋದು. ಹಾಕ್ದೋಳು ನಾನೇ."

"ಹಾಗಾದ್ರೆ ಈ ನೀರು ನಿಮ್ ತಲೆ ಮೇಲೇ ಸುರೀಬೇಕು ತಾಯೀ!"

"ಸ್ವಲ್ಪ ತಡೀರಿ. ಸಾಹೇಬ್ರನ್ನ ಕೇಳಿ ನಿಮ್ಮ ಅಂಗಡಿಗೆ ಮಾತ್ರ ಒಂದು ದಾರಿ ಬಿಟ್ಟಿದ್ದೀನಿ, ಕೆಲಸ ಮುಗಿಯೋವರೆಗೆ. ಆದ್ರೆ ಆ ಕಡೆ ಯಾರಾದ್ರೂ 'ಒಪ್ಪಿಗೆ' ಅಂತ ಒತ್ತಬೇಕು."

"ಒತ್ತೋ ಮಹಾತಾಯಿ ಬಕೆಟ್ ಹಿಡ್ಕೊಂಡು ಇಲ್ಲೇ ನಿಂತಿದ್ದಾಳಲ್ಲ," ಎಂದ ತಮ್ಮ. ಮುಂದೆ ಚೀಟಿಯ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು, ಅವನು ಕದಲುವಂತಿರಲಿಲ್ಲ. ಮೇಡಂ ತಮ್ಮದೇ ಸ್ಕೂಟರಿನಲ್ಲಿ ಅವಳನ್ನು ಅಂಗಡಿಗೆ ಬಿಟ್ಟರು.

ದಾರದಕ್ಕ ಒಪ್ಪಿಗೆ ಒತ್ತಿದಳು. ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ತಾನೇ ಅಲುಗಾಡಿತು. ಫೋನಿನಲ್ಲಿ ಅವನ ದನಿ. "ಬಂದೆ ಕಣಕ್ಕ."

"ಊಟ ಆಯ್ತೇನೋ?"

"ಮೊದ್ಲು ಸೂಜಿ ನೋಡು."

ಬಾಣ ಹೋಗಿ ಪ್ರಶ್ನೆಯನ್ನು ಒರೆಸಿತು. ಸೂಜಿ ನಿಂತಿದ್ದ ರಂಧ್ರದಲ್ಲೇ ಇಳಿದು ಬಳ್ಳಿಯನ್ನು ಮುಂದಕ್ಕೆ ಎಳೆಯಿತು. ಇನ್ನು ನರ್ಸಮ್ಮನ ಹೆಸರೊಂದು ಬಾಕಿ.

"ಸಾಕು, ಇನ್ನು ಹೋಗು. ಪಾಪ, ಆ ಮೇಡಂ ಬೇಲಿ ಮುಚ್ಕೊಳ್ಳಲಿ."

"ಮುಗಿಯೋವರೆಗೆ ಅಂದಿದ್ದಾರೆ. ಹೆಸರು ಬರೋದನ್ನ ನೋಡ್ಕೊಂಡೇ ಹೋಗ್ತೀನಿ."

ಬಾಣ ಪರದೆಯ ಮೂಲೆಗೆ ಸರಿದು ಸುಮ್ಮನೆ ನಿಂತಿತು. ಅವನಿಗೆ ಅಡ್ಡವಾಗಬಾರದೆಂದು ದಾರದಕ್ಕ ತನ್ನ ಸ್ಟೂಲನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡು ಕೂತಳು.