ಹನ್ನೊಂದನೆಯ ಸಾಲು

ಮಾಚೇನಹಳ್ಳಿಯ ಎರಕದ ಕಾರ್ಖಾನೆಯಲ್ಲಿ ಶಿವಯೋಗಿಯ ಕೆಲಸವೆಂದರೆ ತಪ್ಪು ಹುಡುಕುವುದು. ಎರಕದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸದ್ದು ಕೇಳಿಯೇ ಹೇಳಿಬಿಡುತ್ತಿದ್ದ. ಅಂಥ ಕಿವಿಯವನಿಗೆ ಶಿವಮೊಗ್ಗದ ಹೊಸಮನೆ ಬಡಾವಣೆಯ ತನ್ನದೇ ಅಡುಗೆಮನೆಯಲ್ಲಿ ಆ ಭಾನುವಾರ ಏನೂ ಕೇಳಿಸಲಿಲ್ಲ.

ಓಮಾನ್‌ನ ಸೊಹಾರ್‌ನಿಂದ ಅವನಿಗೆ ಕೆಲಸದ ಪತ್ರ ಬಂದಿತ್ತು. ಸಂಬಳ ಚೆನ್ನಾಗಿತ್ತು, ಆದರೆ ಸಂಸಾರ ಸಮೇತ ಹೋದರೆ ಕೈಯಲ್ಲಿ ಉಳಿಯುವುದೆಷ್ಟು? ಅಲ್ಲೇ ಇದ್ದ ಹಳೆಯ ಸಹೋದ್ಯೋಗಿ ಜಯಕುಮಾರ್ ತನ್ನ ಮನೆಯ ತಿಂಗಳ ಖರ್ಚನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಶಿವಯೋಗಿ ಅದನ್ನು ಹಾಳೆಗಿಳಿಸಿ, 'ಅಲ್ಲಿ' ಎಂದು ಬರೆದು, ಪಕ್ಕಕ್ಕೆ ಗೆರೆ ಎಳೆದು 'ಇಲ್ಲಿ' ಎಂದು ಬರೆದ. ಆಮೇಲೆ ಪೆನ್ನು ನಿಂತಿತು. ತನ್ನ ಮನೆಯ ಹಾಲಿನ ದರವೇ ಮಹಾಶಯನಿಗೆ ಗೊತ್ತಿರಲಿಲ್ಲ. ಹೆಂಡತಿ ಪ್ರಿಯದರ್ಶಿನಿ ಶಾಲೆಯ ಪೇಪರುಗಳಿಂದ ತಲೆ ಎತ್ತದೆ, "ನಂಗೂ ಗೊತ್ತಿಲ್ಲ. ಅಕ್ಕನ್ನ ಕೇಳಿ" ಎಂದಳು.

ಅಕ್ಕ ಅಂದರೆ ಉಚ್ಚಂಗಮ್ಮ, ಶಿವಯೋಗಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಭದ್ರಾವತಿಯಲ್ಲಿ ಖಡಕ್ ರೊಟ್ಟಿ ಬಡಿದು ಎರಡು ಖಾನಾವಳಿಗಳಿಗೆ ಕೊಡುತ್ತ ಯಾರ ಹಂಗಿಲ್ಲದೆ ಇದ್ದಳು. ಏಳು ವರ್ಷದ ಹಿಂದೆ ಮಗಳು ಹುಟ್ಟಿದಾಗ ಶಿವಯೋಗಿ, "ಒಂದಾರು ತಿಂಗಳು ಬಂದಿರಕ್ಕಾ" ಎಂದು ಕರೆದಿದ್ದ. ಅಕ್ಕ ಮನೆಗೆ ಬೀಗ ಹಾಕಿ ಬಂದಳು. ಖಾನಾವಳಿಯವರು ಬೇರೆಯವರನ್ನು ನೋಡಿಕೊಂಡರು. ಆರು ತಿಂಗಳು ಮುಗಿದದ್ದು ಈ ಮನೆಯಲ್ಲಿ ಯಾರ ನೆನಪಿಗೂ ಬರಲಿಲ್ಲ.

ಅಕ್ಕ ರೊಟ್ಟಿ ಬಡಿಯುತ್ತಲೇ ದರ ಹೇಳಿದಳು. ಹಾಲು, ಎಣ್ಣೆ, ಸಿಲಿಂಡರು, ಜೋಳದ ಹಿಟ್ಟು, ಮಗುವಿನ ಸ್ಕೂಲ್ ವ್ಯಾನು. ಒಂದಕ್ಕೂ ಯೋಚಿಸಲಿಲ್ಲ. ಮಧ್ಯೆ ನಗುತ್ತ, "ಪಾಸ್‌ಪೋರ್ಟಿಗೆ ಫೋಟೋ ತೆಗೆಸ್ಕೊಂಡು ಬಂದಿದೀನಿ ಮಾರಾಯ. ಕಳ್ಳಿ ಥರ ಬಂದಿದೆ" ಎಂದಳು. ಶಿವಯೋಗಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದ. ಹೆಂಡತಿ, ಮಗಳಿಗೆ ಮಾತ್ರ ವೀಸಾ ಎಂದು ಜಯಕುಮಾರ್ ಹೇಳಿ ತಿಂಗಳಾಗಿತ್ತು. ಅಕ್ಕನಿಗೆ ನಾಳೆ ಹೇಳಿದರಾಯಿತು ಎಂದುಕೊಂಡೇ ಆ ತಿಂಗಳು ಕಳೆದಿತ್ತು.

"ಹತ್ತಾಯ್ತು. ಮುಂದಿಂದು?" ಎಂದಳು ಅಕ್ಕ.

"ಅಡುಗೆಗೆ, ಮಗು ನೋಡ್ಕೊಳ್ಳೋಕೆ ಕೆಲಸದೋಳು. ಅಲ್ಲಿ ಎಂಬತ್ತು ರಿಯಾಲ್. ಇಲ್ಲಿ ಸೊನ್ನೆ." ಲೆಕ್ಕದ ಓಘದಲ್ಲಿ ಓದಿ, ಬರೆದೂಬಿಟ್ಟ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಅದೂ ಅವನಿಗೆ ಕೇಳಿಸಲಿಲ್ಲ.

"ಅಲ್ಲಿ ಕೆಲಸದೋಳು ಯಾಕೋ? ನಾನಿರ್ತೀನಲ್ಲ."

ಈಗ ಅವನು ತಲೆ ಎತ್ತಿದ. ವೀಸಾ, ಕಾನೂನು ಎಂದು ಏನೇನೋ ತೊದಲಿದ. ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ನೋಡಿದಳು. ಓದಲು ಬರುತ್ತಿದ್ದುದು ಅಷ್ಟಕ್ಕಷ್ಟೇ, ಅಂಕಿಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು. "ಸರಿಯಾಗೇ ಬರ್ದಿದೀಯ" ಎಂದಳು. ಮಿಕ್ಕ ರೊಟ್ಟಿಗಳನ್ನು ಬಡಿದು ಮುಗಿಸಿ, ಎಲ್ಲರಿಗೂ ಬಡಿಸಿದಳು.

ಮರುದಿನ ಅವಳು ಭದ್ರಾವತಿಯ ಬಸ್ಸು ಹತ್ತಿದಳು. ಜಗಳವಿಲ್ಲ, ಅಳುವಿಲ್ಲ. ಮಗು ಶಾಲೆಯಿಂದ ಬಂದು ಅತ್ತೆ ಎಲ್ಲಿ ಎಂದು ಮನೆಯೆಲ್ಲ ಹುಡುಕಿತು. ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು ಎಂದು ಶಿವಯೋಗಿ ಅಂದುಕೊಂಡ. ಫೋನ್ ಮಾಡಿದಾಗಲೆಲ್ಲ ಅಕ್ಕ ಎತ್ತಿದಳು, ಊಟ ಆಯ್ತಾ ಎಂದು ಕೇಳಿ ಇಟ್ಟಳು.

ಹೊರಡುವ ವಾರ ಅವನು ಭದ್ರಾವತಿಗೆ ಹೋದ. ಬೀಗ ಬಿಚ್ಚಿದ ಮನೆಗೆ ಸುಣ್ಣ ಬಿದ್ದಿತ್ತು, ಒಲೆ ಉರಿಯುತ್ತಿತ್ತು. ಹಳೆಯ ಖಾನಾವಳಿಗಳು ಸಿಕ್ಕಿರಲಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದಳಂತೆ, ಐವತ್ತೆರಡನೇ ವಯಸ್ಸಿನಲ್ಲಿ. ಕ್ಷಮೆ ಕೇಳಬೇಕೆಂದು ಬಂದವನು ರೊಟ್ಟಿಯ ಬುಟ್ಟಿಯತ್ತ ಕೈ ತೋರಿಸಿದ.

"ಅಕ್ಕಾ, ತಗೊಂಡ್ ಹೋಗೋಕೆ ಐವತ್ತು ರೊಟ್ಟಿ ಬೇಕಿತ್ತು" ಎಂದ.

ಅಕ್ಕ ಕಾಫಿ ಕೊಟ್ಟಳು. ರೊಟ್ಟಿಗಳನ್ನು ಎಣಿಸಿ, ಮುರಿಯದ ಹಾಗೆ ಪೇಪರು ಸುತ್ತಿ, ದಾರ ಕಟ್ಟಿದಳು. ಮಗುವಿಗೆಂದು ಸಣ್ಣವು ನಾಲ್ಕನ್ನು ಮೇಲಿಟ್ಟು, "ಇದು ಲೆಕ್ಕಕ್ಕಿಲ್ಲ" ಎಂದಳು. ಆಮೇಲೆ ಸಹಜವಾಗಿ, "ಒಂದಕ್ಕೆ ಹನ್ನೆರಡು. ಆರುನೂರಾಯ್ತು" ಎಂದಳು.

ಶಿವಯೋಗಿ ಜೇಬಿನಲ್ಲಿದ್ದ ಐದು ಸಾವಿರವನ್ನೂ ಅವಳ ಕೈಗಿಟ್ಟ. ಅಕ್ಕ ಆರುನೂರು ಎಣಿಸಿಕೊಂಡು ಮಿಕ್ಕದ್ದನ್ನು ಅವನ ಜೇಬಿಗೆ ವಾಪಸ್ ತುರುಕಿದಳು.

"ಇದು ಯಾತರದ್ದು ಅಂತ ಇಟ್ಕೊಳ್ಳಲಿ? ಬಸ್ಸಿಗೆ ಹೊತ್ತಾಯ್ತು, ಹೊರಡು."

ಏಳು ವರ್ಷದಲ್ಲಿ ಅಕ್ಕ ಅವನಿಂದ ತನಗೆಂದು ತೆಗೆದುಕೊಂಡ ಮೊದಲ ಹಣ ಅದು. ಶಿವಮೊಗ್ಗ ಬರುವ ತನಕ ಅವನು ರೊಟ್ಟಿಯ ಗಂಟನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.