ಕಾಯಬೇಕಾದ ಐದು ನಿಮಿಷ

“ಸ್ವಿಚ್ ಆರಿಸಿದ ಮೇಲೆ ಐದು ನಿಮಿಷ ಕಾಯ್ಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ರೋ ಇಲ್ವೋ? ಅಷ್ಟು ಹೇಳಮ್ಮ ಸಾಕು,” ಎಂದರು ಪ್ರಿನ್ಸಿಪಾಲರು.

“ಹೇಳಿದ್ರು ಸರ್. ನೋಟ್ಸಲ್ಲೂ ಇದೆ,” ಎಂದಳು ಹುಡುಗಿ. ಅವಳ ಬಲಗೈ ಮೊಣಕೈವರೆಗೂ ಬ್ಯಾಂಡೇಜಿನೊಳಗಿತ್ತು. ಎರಡು ಬೆರಳು ಇನ್ನು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಪಕ್ಕದಲ್ಲಿ ಮೋಟಾರ್ ಲ್ಯಾಬಿನ ಮೇಷ್ಟ್ರು ಕೂತಿದ್ದರು. ಅವಳು ಹೇಳಿದ್ದು ಸುಳ್ಳಲ್ಲ. ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್ ಪೆಟ್ಟಿಗೆಯೊಳಗೆ ಕೆಪಾಸಿಟರ್ ಇರುತ್ತದೆ. ಕರೆಂಟು ತೆಗೆದರೂ ಅದರ ಹೊಟ್ಟೆಯಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದು ಇಳಿಯುವ ತನಕ ಕೈ ಹಾಕಬಾರದು. ಇದನ್ನು ಅವರು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದಾರೆ. ಆದರೆ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ತಾವು ಮಾತ್ರ ಒಂದು ದಿನವೂ ಕಾದವರಲ್ಲ. ಆರು ಟೇಬಲ್ಲು, ಎರಡು ಗಂಟೆ; ಕಾಯುತ್ತ ಕೂತರೆ ಪ್ರಯೋಗ ಮುಗಿದ ಹಾಗೇ! ಸ್ಕ್ರೂಡ್ರೈವರನ್ನು ಎರಡು ತುದಿಗಳಿಗೆ ಅಡ್ಡ ಇಟ್ಟರೆ ಫಟ್ಟೆಂದು ಕಿಡಿ ಹಾರಿ ಕೆಪಾಸಿಟರ್ ಖಾಲಿ. ಹುಡುಗರು ‘ಹೋ’ ಎನ್ನುತ್ತಿದ್ದರು. ಆ ‘ಹೋ’ ಅವರಿಗೂ ಇಷ್ಟವಾಗಿತ್ತು, ಸುಳ್ಳೇಕೆ?

ಅವಳು ಮಾಡಿದ್ದೂ ಅದನ್ನೇ. ಆದರೆ ಅಂದಿನ ಡ್ರೈವ್ ದೊಡ್ಡದು; ಕಿಡಿ ಕೈಯನ್ನೇ ಸುಟ್ಟಿತ್ತು.

“ನೀವು ಹಿಡಿಯೋ ಹಾಗೇ ಹಿಡಿದಿದ್ದೆ ಸರ್,” ಎಂದು ಆಸ್ಪತ್ರೆಯಲ್ಲಿ ಅವರೊಬ್ಬರೇ ಇದ್ದಾಗ ಹೇಳಿದ್ದಳು. ಅದು ದೂರು ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಎಲ್ಲಿ ತಪ್ಪಿತು ಎಂದು ಪಾಠ ಕೇಳುವವಳ ದನಿ ಅದು.

ತಪ್ಪು ಅವಳದೆಂದು ಇವತ್ತು ತೀರ್ಮಾನವಾದರೆ ಅವಳನ್ನು ಮತ್ತೆ ಲ್ಯಾಬಿಗೆ ಸೇರಿಸುವುದಿಲ್ಲ. ಓದು ಅಲ್ಲಿಗೇ ಮುಗಿಯಿತು. ಅವರದೆಂದಾದರೆ ನೌಕರಿ ಹೋಗುತ್ತದೆ.

“ನನ್ನ ಮಗಳೇ ದುಡುಕಿಬಿಟ್ಲು ಮೇಷ್ಟ್ರೇ. ಚಿಕ್ಕಂದಿನಿಂದ್ಲೂ ಹೀಗೇ, ಒಂದು ಗಳಿಗೆ ತಾಳ್ಮೆ ಇಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ,” ಎಂದರು ಅವಳ ಪಕ್ಕ ಕೂತಿದ್ದ ಅಪ್ಪ.

ಮೇಷ್ಟ್ರು ಕುರ್ಚಿಯ ಅಂಚಿಗೆ ಸರಿದರು. “ಸರ್, ಒಂದು ಮಾತು…” ಎಂದರು.

“ಹೇಳಿ ಮೇಷ್ಟ್ರೇ.”

ಪ್ರಿನ್ಸಿಪಾಲರೂ ಅಪ್ಪನೂ ಅವರ ಕಡೆ ತಿರುಗಿದರು. ಹುಡುಗಿಯೂ ನೋಡಿದಳು.

“ಫ್ಯಾನ್ ಸ್ವಲ್ಪ ಕಡಿಮೆ ಮಾಡ್ಲಾ? ಕಾಗದ ಹಾರ್ತಾ ಇದೆ.”

ಪ್ರಿನ್ಸಿಪಾಲರು ಹೇಳಿಕೆಯ ಹಾಳೆಯನ್ನು ಅವಳ ಮುಂದೆ ಸರಿಸಿದರು. “ನನ್ನದೇ ಅಜಾಗರೂಕತೆಯಿಂದ” ಎಂದು ಟೈಪಾಗಿದ್ದ ಸಾಲಿನ ಕೆಳಗೆ ಸಹಿಗೆ ಜಾಗವಿತ್ತು. ಅವಳು ಎಡಗೈಯಲ್ಲಿ ಪೆನ್ನು ಹಿಡಿದಳು. ಮೊದಲ ಅಕ್ಷರ ಬರೆಯುವಷ್ಟರಲ್ಲಿ ಹಾಳೆ ಜಾರಿತು; ಒತ್ತಿ ಹಿಡಿಯಲು ಇನ್ನೊಂದು ಕೈ ಇರಲಿಲ್ಲ.

ಮೇಷ್ಟ್ರು ಮುಂದೆ ಬಾಗಿ ಹಾಳೆಯ ಅಂಚನ್ನು ಒತ್ತಿ ಹಿಡಿದರು.

“ಥ್ಯಾಂಕ್ಸ್ ಸರ್,” ಎಂದು ಅವಳು ತಲೆಯೆತ್ತದೆ ಎರಡನೆಯ ಅಕ್ಷರ ಶುರುಮಾಡಿದಳು.